ಥ ಅಕ್ಷರದ ಚುಕ್ಕೆ

ಹೆಸರಿಡುವ ದಿನ ಯಾರಿಗೆ ಗೊತ್ತಿತ್ತು,
ಪ್ರಥಮೇಶ ಎಂಬ ನಾಲ್ಕೇ ಅಕ್ಷರದಲ್ಲಿ
ತಾರ್ಲೆ ಮೀನಿಗಿಂತ ಹೆಚ್ಚು ಮುಳ್ಳಿದೆಯೆಂದು?
ಪ-ದ ಕೆಳಗೊಂದು ಒತ್ತು, ಥ-ದ ಹೊಟ್ಟೆಯಲ್ಲೊಂದು ಚುಕ್ಕೆ,
ಮೇ-ಗೆ ತಲೆಯ ಮೇಲೆ ಏತ್ವ, ಬೆನ್ನಿಗೆ ದೀರ್ಘ.
ರವಿ ಎಂದಿಟ್ಟಿದ್ದರೆ ಇಷ್ಟು ಹೊತ್ತಿಗೆ ಮುಗಿದು
ಊಟಕ್ಕೆ ಏಳಬಹುದಿತ್ತು.

ನಾನು ಬೈತಖೋಲದ ಐಸ್ ಫ್ಯಾಕ್ಟರಿಯ ಲೆಕ್ಕದವಳು.
ಯಾವ ಬೋಟಿಗೆ ಎಷ್ಟು ಗಡ್ಡೆ, ಯಾರದು ನಗದು, ಯಾರದು ಬಾಕಿ.
ನನ್ನ ಅಕ್ಷರ ಮುತ್ತು ಎನ್ನುತ್ತಾರೆ ತಾಂಡೇಲರು,
ಓದಲು ಬಾರದವರೂ ಎನ್ನುತ್ತಾರೆ.
ಆ ಮುತ್ತಿನ ಕೊಬ್ಬು ಎಷ್ಟಿತ್ತೆಂದರೆ
ಎರಡನೇ ಕ್ಲಾಸಿನಲ್ಲಿ ಅವನ ಬೆರಳಗಂಟಿನ ಮೇಲೆ
ಸ್ಕೇಲಿನ ಅಂಚಿನಿಂದ ಹೊಡೆದಿದ್ದೇನೆ.
ಇದನ್ನೂ ಇಲ್ಲಿ ಬರೆದಿಡುತ್ತೇನೆ;
ಲೆಕ್ಕದವಳು, ಬಿಟ್ಟುಬಿಡಲಾರೆ.

ಏಡಿ ಓಡಿದ ಹಾಗೆ ಬರೀತಾನೆ ಎಂದರು ಶಾಲೆಯಲ್ಲಿ.
ಮಾಜಾಳಿಯ ದಂಡೆಯಲ್ಲಿ ನೋಡಿದ್ದೇನೆ ನಾನು:
ಏಡಿಯ ಗೆರೆ ಹದವಾಗಿರುತ್ತದೆ,
ತನ್ನ ಬಿಲ ಎಲ್ಲಿದೆಯೆಂದು ಅದಕ್ಕೆ ಗೊತ್ತು.
ಇವನ ಕೈಗೆ ಗೊತ್ತಾಗುವುದಿಲ್ಲ,
ಅಂಗಿಯ ಗುಂಡಿ ಎಲ್ಲಿ, ಕಾಜ ಎಲ್ಲಿ,
ಲೋಟ ಎಲ್ಲಿ ಮುಗಿದು ಮೇಜು ಎಲ್ಲಿ ಶುರು.
ಬಾಯಲ್ಲಿ ಕೇಳಿ: ಕಾಳಿ ನದಿ ಹುಟ್ಟಿದ ಜಾಗದಿಂದ
ಸೇತುವೆಯಡಿ ನುಸುಳಿ ಸಮುದ್ರ ಸೇರುವವರೆಗೆ
ಒಂದು ಅಣೆಕಟ್ಟೂ ಬಿಡದೆ ಹೇಳುತ್ತಾನೆ.
ಬರಿ ಎಂದರೆ
ನೀರು ನಿಂತುಬಿಡುತ್ತದೆ.

ಗುರುವಾರದ ಥೆರಪಿ ಮೇಡಂ, ಸುಲಕ್ಷಾ,
ಕಾಗದದ ಮೇಲೆ ಡಿಸ್ಪ್ರಾಕ್ಸಿಯಾ ಎಂದು ಬರೆದು ತೋರಿಸಿದರು.
ಅವನು ಬಗ್ಗಿ ನೋಡಿದ: 'ಇದ್ರಲ್ಲೇ ಮೂರು ಒತ್ತು!
ನಂಗೆ ಆದದ್ದರ ಹೆಸರು ನಂಗೇ ಬರೆಯೂಕೆ ಬರೂದಿಲ್ಲ.'
ಮೇಡಂ ನಕ್ಕರು. ನನಗೆ ನಗು ಬಂದದ್ದು
ರಾತ್ರಿ, ಪಾತ್ರೆ ತೊಳೆಯುವಾಗ,
ಅದೂ ಪೂರ್ತಿ ನಗುವಲ್ಲ.

ಆಮೇಲೆ ಕಾಪಿಪುಸ್ತಕ ಮುಚ್ಚಿಟ್ಟೆವು.
ಬೆಳಿಗ್ಗೆ ಚಪಾತಿ ಹಿಟ್ಟು ನಾದುವುದು ಅವನ ಪಾಲಿಗೆ,
ಕಲ್ಲಿನಂಥ ಚಪಾತಿ ತಿನ್ನುವುದು ಅವನಪ್ಪನ ಪಾಲಿಗೆ.
ಗಿಡ್ಡ ಪೆನ್ಸಿಲು, ಇಳಿಜಾರು ಹಲಗೆ,
ಕಾಲೂರಲು ಮೀನಿನ ಕ್ರೇಟು.
ಚಿರೇಕಲ್ಲಿನ ಗೋಡೆಗೆ ಒದ್ದೆ ಬ್ರಶ್ಶು.
ಭುಜದಿಂದ ಬರೆ, ಬೆರಳಿಂದಲ್ಲ, ಬಾಗಿಲಷ್ಟು ದೊಡ್ಡ ಪ.
ಕಲ್ಲು ಕುಡಿದುಬಿಡುತ್ತದೆ
ತಪ್ಪನ್ನೂ ಸರಿಯನ್ನೂ ಒಂದೇ ಬಾಯಾರಿಕೆಯಲ್ಲಿ.
ಐದು ನಿಮಿಷ. ಅವನು ಸಾಕು ಎಂದರೆ ಸಾಕು.
ಇಷ್ಟು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು.

ಒಂದು ಭಾನುವಾರ ಫ್ಯಾಕ್ಟರಿಗೆ ಕರೆದೊಯ್ದೆ.
ಅಚ್ಚಿನಿಂದ ಆಗಷ್ಟೇ ಜಾರಿದ ಗಡ್ಡೆ, ಮೈತುಂಬ ಹೊಗೆ.
ಹಮಾಲ ಖಾದಿರಸಾಬ ಮೊಳೆಯೊಂದನ್ನು ಕೊಟ್ಟು
'ಗೀರು,' ಎಂದ. 'ಇದು ಕಾಗದ ಅಲ್ಲ, ಒತ್ತಬೇಕು.'
ಕರಕರ ಎಂದಿತು.
ಆ ಸದ್ದು ಅವನ ಮೊಣಕೈಯವರೆಗೆ ಹತ್ತಿದ್ದು ಕಂಡೆ,
ಮೊದಲ ಬಾರಿಗೆ ಕೈಗೆ ಸುದ್ದಿ ಮುಟ್ಟಿದಂತೆ:
ಇಲ್ಲಿದ್ದೀಯ, ಈಗ ತಿರುಗು, ಇಲ್ಲಿಗೆ ಬಂದೆ.
ಪ ಸೊಟ್ಟ. ಒತ್ತು ಇಲ್ಲವೇ ಇಲ್ಲ.
ಥ ಮಾತ್ರ ಹೊಟ್ಟೆ ಮುಚ್ಚಿಕೊಂಡಿತು,
ನಡುವೆ ಮೊಳೆ ಊರಿ ಒಂದು ಚುಕ್ಕೆ,
ಗಡ್ಡೆ ಬಿರಿಯುವಷ್ಟು ಜೋರಾಗಿ.

ಫೋಟೋಕ್ಕೆಂದು ನಾನು ಫೋನು ಹುಡುಕುವಷ್ಟರಲ್ಲಿ
ಗಡ್ಡೆ ಕ್ರಶರಿಗೆ ಹೋಯಿತು. ಅದರ ಪಾಳಿ ಬಂದಿತ್ತು.
ಪುಡಿಯಾಗಿ, ಬುಟ್ಟಿ ಬುಟ್ಟಿಯಾಗಿ ಬೋಟಿಗೇರಿತು.
'ನನ್ನ ಥ ಎಲ್ಲಿಗೆ ಹೋಯ್ತು?'
'ಬಂಗಡೆ ಮೇಲೆ,' ಎಂದ ಖಾದಿರಸಾಬ,
'ಮೂರು ದಿನ ಕೆಡದ ಹಾಗೆ ಕಾಯ್ತದೆ.'

ಸೋಮವಾರ ಮತ್ತೆ ಗೆರೆ ಬಿಟ್ಟು ಅಲೆದ ಅಕ್ಷರ, ಕೆಂಪು ಶಾಯಿ.
ಪರೀಕ್ಷೆಗೆ ಹೆಚ್ಚಿನ ಸಮಯ ಬೇಡಿ ಅರ್ಜಿ ಬರೆದೆ,
ನನ್ನ ಮುತ್ತಿನ ಅಕ್ಷರದಲ್ಲಿ.
ವಿದ್ಯಾರ್ಥಿಯ ಸಹಿ ಎಂಬಲ್ಲಿ ಅವನೇ ಬರೆದ,
ಜಾಗ ಸಾಲದೆ ನನ್ನ ಹೆಸರಿನ ಮೇಲೂ ಹತ್ತಿ ಕೂತ.
ಚುಕ್ಕೆ ಇಡುವಾಗ ಕಾಗದ ತೂತಾಯಿತು.
ಹಾಗೆಯೇ ಕೊಟ್ಟು ಬಂದೆ.