ಗಾಳಿ ಬಡಿದ ಪಂಪು

ಬೆಳಗಾಗೂದ್ರಾಗ ಫೋನು. ನವನಗರದ ಈಜುಗೊಳದಿಂದ
ಕಾವಲಿನ ಬಸಲಿಂಗವ್ವ:
‘ತಿರಗತೈತ್ರಿ, ನೀರ ಮಾತ್ರ ಎತ್ತವಲ್ದು.
ಗಾಳಿ ಬಡದೈತಿ ನೋಡ್ರಿ ಇದಕ್ಕ.’

ಅಕಿ ಯಾವ ಗಾಳಿ ಅಂದ್ಲೋ, ನಾ ಕೇಳಲಿಲ್ಲ.
ಮೂವತ್ತ ವರ್ಷದಿಂದ ನಾ ಹೇಳೂದೂ ಅದ ರೋಗ.

ಗೊಳಕ್ಕಿಂತ ಎರಡ ಮೊಳ ಎತ್ತರಕ್ಕ ಪಂಪ್ ಇಟ್ಟಾರ.
ಇಟ್ಟಾಂವ ಯಾಂವೋ, ನೀರಿನ ಗುಣ ಅರೀದಾಂವ.
ಮುಟ್ಟಿದ್ರ ಜ್ವರದ ಕೂಸಿನ ಹಣಿಯಂಗ ಸುಡತಿತ್ತು,
ಒಳಗ ಡಬ್ಬ್ಯಾಗ ಹರಳ ಹಾಕಿ ಕುಲುಕಿದ ಸಪ್ಪಳ.
ಮುಚ್ಚಳದ ಗಾಜಿನ್ಯಾಗ ಇಣುಕಿದೆ:
ಬರೇ ಬುರುಗು, ಕುದಿಯೂ ಎಸರಿನಂಗ,
ನುಚ್ಚಿಲ್ಲದ ಎಸರು.

ಬಂದ್ ಮಾಡವ್ವ ಅಂದೆ.

ಬುಟ್ಟಿ ಎತ್ತಿದೆ. ಬೇವಿನ ಎಲಿ, ಜಡಿಗೆ ಹಾಕೂ ರಬ್ಬರು,
ಯಾವ ಹುಡುಗಂದೋ ಒಂದು ಹಾಲಹಲ್ಲು.
ಹಲ್ಲ ಕಿಸೇದಾಗ ಇಟಗೊಂಡೆ.
ಕೊಡ ಬಗ್ಗಿಸಿ ನೀರ ಸುರುವಿದೆ. ನೀರ ಕೊಡಬೇಕಂದ್ರ
ಮೊದಲ ತಾನ ಕುಡೀಬೇಕು ಇದು,
ಬಾಣಂತಿ ಇದ್ದಂಗ.
ಏಳ ಕೊಡ ಕುಡೀತು. ಮುಚ್ಚಿ ಚಾಲೂ ಮಾಡಿದ್ರ
ಒಂದ ಗುಟಕ ಎಳೀತು, ಬಿಕ್ಕಿತು,
ಬಿಟ್ಟಬಿಡ್ತು.

ಹಳೇ ಊರಾಗ ವೈಂಡಿಂಗ್ ಅಂಗಡಿ ಇತ್ತು ನಮ್ಮದು.
ಹಿನ್ನೀರಿಗೆ ಯಾರೂ ಕೊಡ ಹಿಡದು ಕರದಿರಲಿಲ್ಲ.
ಪಂಪಿಲ್ಲ, ಪೈಪಿಲ್ಲ, ವಾಲ್ವಿಲ್ಲ,
ತನ್ನಷ್ಟಕ್ಕ ತಾನ ಪಾವಟಿಗಿ ಏರಿ
ಬಾಗಲದಾಗ ಒಂದ ಗಳಿಗಿ ನಿಂತು, ಚಪ್ಪಲಿ ತೇಲಿಸಿ,
ಒಳಗ ಬಂದು ಕುಂತತು. ಇನ್ನೂ ಎದ್ದಿಲ್ಲ.
ಅದ ಹೊಳಿ ನೀರು ಇಲ್ಲಿ ನೀಲಿ ಟೈಲ್ಸಿನ್ಯಾಗ
ಬೀಗರಂಗ ಸುಮ್ಮಕ ಕುಂತೈತಿ. ಹತ್ತ ಅಡಿ ಬಾ ಅಂದ್ರ
ಬರವಲ್ದು.

ಏಳಕ್ಕ ಬ್ಯಾಚು. ಹುಡುಗರು ದಂಡಿ ಮ್ಯಾಲೆ
ಕಾಲ ಇಳಿಬಿಟಗೊಂಡು ಕಾಯತಿದ್ವು.
ಮುಬೀನಾ ಅನ್ನೂ ಪೋರಿ ಎದ್ದಬಂದು,
‘ಕಾಕಾ, ನೀರ ಇಲ್ಲೇ ಐತೆಲ್ಲ,
ಇದಕ್ಯಾಕ ಕಾಣವಲ್ದು?’
ಉತ್ತರ ಇತ್ತು ನನ್ನ ಹತ್ರ. ನೀರನ್ನ ಯಾರೂ ಎಳಿಯೂದಿಲ್ಲವ್ವ,
ಒಳಗ ಬರಿದಾಗಬೇಕು, ಅದ ಹುಡಿಕ್ಯಾಡಿ ಬರತೈತಿ.
ಆ ಬರಿದಿಗೆ ಮತ್ತೇನೋ ಮೊದಲ ಬಂದು ಕುಂತಿದ್ರ
ನೀರಿಗೆ ಜಾಗ ಎಲ್ಲಿ?
ಹೇಳಲಿಲ್ಲ. ಪಾನಾ ಒರಸಿಕೊಂತ ನಿಂತೆ.

ಅಷ್ಟರಾಗ ಬಸಲಿಂಗವ್ವ ಊದಿನಕಡ್ಡಿ ಹಚಗೊಂಡು ಬಂದ್ಲು,
ಪಂಪಿಗೆ ಬೆಳಗಾಕ.
ತಾ ಇಲ್ಲಿ, ಅಂತ ಇಸಗೊಂಡೆ. ಅಕಿ ಲೆಕ್ಕ ಅಕಿಗೆ, ನನ್ನದು ನನಗ.

ಪಂಪ್ ಓಡಿಸಿ, ಕಡ್ಡಿ ಹಿಡಿದು ಪೈಪಿನ ಗುಂಟ ನಡದೆ.
ವಾಲ್ವಿನ ಕುತಗಿ. ಹೊಗಿ ನೆಟ್ಟಗ ಏರತೈತಿ.
ಯೂನಿಯನ್ನಿನ ಸಂದಿ. ನೆಟ್ಟಗ.
ಮುಚ್ಚಳದ ಬಲಕ್ಕ, ನೆಟ್ಟಗ.
ಎಡಕ್ಕ ಬಂದಾಗ
ಹೊಗಿ ತಡೀತು, ಬಾಗಿತು,
ಸೂಜಿಗೆ ಪೋಣಿಸಿದ ದಾರದಂಗ
ಸರ್ರನ ಒಳಗ ಹೋತು.

ಬಿಚ್ಚಿದ್ರ, ರಬ್ಬರಿನ ಬಳಿ ಮ್ಯಾಲೆ ಅಡ್ಡ
ಒಂದ ಕೂದಲು. ಮಾರುದ್ದ, ಬಿಳೇದು.
ಐದ ಕುದರಿ ಶಕ್ತಿಯ ಮೋಟಾರು
ಇದಕ್ಕ ಸೋತಿತ್ತು.

ರಾತ್ರಿ ಬುಟ್ಟಿ ತೊಳದಾಕಿ ತಾನ.
ಬಸಲಿಂಗವ್ವ ಏನೂ ಅನಲಿಲ್ಲ,
ಸೆರಗ ಹಣಿತನಕ ಎಳಕೊಂಡ್ಲು.
ಕೂದಲನ್ನ ಬಟ್ಟಿಗೆ ಸುತ್ತಿ ಕಸಕ್ಕ ಒಗದೆ,
ಬಳಿಗೆ ಗ್ರೀಸ್ ಸವರಿ, ಮುಚ್ಚಳ ಬಿಗದೆ,
ಎಂಟನೇ ಕೊಡ.

ಗಾಜಿನ್ಯಾಗ ಬುರುಗು ಸಣ್ಣಾತು, ಸಣ್ಣಾತು,
ಕಡೀ ಗುಳ್ಳಿ ಒಂದ ಸುತ್ತ ತಿರಗಿ ಒಡೀತು.
ಆಮ್ಯಾಲೆ ಏನೂ ಕಾಣಲಿಲ್ಲ, ಅಂದ್ರ ನೀರು.
ಅಷ್ಟ ತಿಳಿ.

ಸುಪರವೈಜರ್ ಶೆಟ್ಟೆಪ್ಪ ಈಗ ಬಂದ, ಸ್ಕೂಟರ್ ಮ್ಯಾಲೆ ಕುಂತ
ಕೇಳಿದ: ‘ಏನಾಗಿತ್ತೋ? ಯಾರ ತಪ್ಪು?’
‘ಗಾಳಿ’ ಅಂದೆ.

ಹಿಂದ ಹುಡುಗರು ಧಡಾಧಡಾ ನೀರಿಗೆ ಬಿದ್ದರು.
ಕಿಸೇದಾಗಿನ ಹಾಲಹಲ್ಲ ತಗದು
ಪಂಪಿನ ಮನಿ ತಗಡಿನ ಮ್ಯಾಲೆ ಒಗದೆ.
ಟಣ್ಣಂತು. ಯಾರ ಬಾಯಾಗರೆ ಬರಲಿ,
ಗಟ್ಟಿ ಬರಲಿ.