ಗೊಂಬೆಕಲ್ಲು

ಬಿದರೆಕೆರೆ ಕೋಡಿಯ ಪಕ್ಕ ಓರೆಯಾಗಿ ಬಿದ್ದಿತ್ತು,
ಗೊಂಬೆಕಲ್ಲು ಅಂತಿದ್ದೆವು.
ನಮ್ಮಜ್ಜಿ ಮಾಚಮ್ಮನ ಮೈಗೆ ಅದರ ಇಳಿಜಾರು ಗೊತ್ತಿತ್ತು:
ಎಷ್ಟು ಬಗ್ಗಿದರೆ ಸೊಂಟ ಹಿಡಿಯುವುದಿಲ್ಲ,
ಎಲ್ಲಿ ಬಡಿದರೆ ಗುಂಡಿ ಒಡೆಯುವುದಿಲ್ಲ.

ಗೌಡರ ಮನೆಯ ಪಂಚೆ, ಅಯ್ಯನವರ ಮಠದ ಕಾವಿ,
ದಸ್ತಗೀರ್ ಸಾಬರ ಮನೆಯ ಹೂವಿನ ಚಾದರ,
ಬಾಣಂತಿ ಬಟ್ಟೆ, ಸೂತಕದ ಬಟ್ಟೆ,
ಎಲ್ಲ ಅದರ ಮೇಲೇ ಬಿದ್ದವು.

ಎಲ್ಲ ಎಂದೆನೆ? ತಿದ್ದಿಕೊಳ್ಳುತ್ತೇನೆ.
ಕೇರಿಯ ಬಟ್ಟೆ ಬೀಳಲಿಲ್ಲ.
ಊರು ಬೇಡ ಅಂದಿತ್ತು.
ಅಜ್ಜಿಯೂ ಬೇಕು ಅನ್ನಲಿಲ್ಲ.

ಪೈಪು ಹೂಳಲು ಬಂದ ಜೆಸಿಬಿ
ಕಲ್ಲನ್ನು ಎತ್ತಿ ನಿಲ್ಲಿಸಿದ ದಿನ
ಜ್ವರದವ ಹಾಸಿಗೆಯಲ್ಲಿ ಎದ್ದು ಕೂತ ಹಾಗಾಯಿತು.
ಮೈಸೂರಿನಿಂದ ಬಂದ ಮೇಡಂ ಕೊಡೆ ಹಿಡಿದು ನೋಡಿದರು.
ಹೊಯ್ಸಳರ ಕಾಲದ ವೀರಗಲ್ಲು.
ಕೆಳಗೆ ತುರುಗಳ್ಳರೊಡನೆ ಕಾಳಗ,
ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಹೆಂಗಸರು,
ಮೇಲೆ ಲಿಂಗ, ಸೂರ್ಯ, ಚಂದ್ರ.
ಹೆಸರು? ಹೆಸರಿನ ಸಾಲು ಸವೆದಿದೆ ಅಂದರು.
ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.
ಬಕೆಟ್ಟಿನಲ್ಲಿ ನೀರು ತಂದು
ಫೋಟೋಕ್ಕೆ ಕಲ್ಲು ತೊಳೆದುಕೊಟ್ಟವನು ನಾನೇ.

ಹೆಸರಿಲ್ಲದವನಿಗೆ ವಾರದಲ್ಲಿ ನೆಂಟರು ಹುಟ್ಟಿದರು.
ತುರುಬು ನಮ್ಮದು ಅಂದರು ಒಬ್ಬರು.
ಬಿಲ್ಲು ನೋಡಿ, ಬೇಡರವನು ಅಂದರು ಇನ್ನೊಬ್ಬರು.
ಮೇಲಿರುವ ಲಿಂಗ ಕಾಣಲ್ವಾ ಎಂದು ಮಠದ ಕಡೆಯವರು.
ಮೂರು ಸಂಘ, ಮೂರು ಬ್ಯಾನರು,
ಮೂರರಲ್ಲೂ ಒಂದೇ ಫೋಟೋ, ಮೀಸೆ ಮಾತ್ರ ಬೇರೆ ಬೇರೆ.
ಕದ್ದವರ ವಂಶ ಮಾತ್ರ ಯಾರಿಗೂ ಬೇಕಿರಲಿಲ್ಲ.
ಆ ಕಡೆ ಐದು ಜನ ಇದ್ದಾರೆ ಕಲ್ಲಿನಲ್ಲಿ, ಎಣಿಸಿದ್ದೇನೆ,
ಐವರೂ ಮಕ್ಕಳಿಲ್ಲದೆ ಸತ್ತರೆಂದೇ ಲೆಕ್ಕ.

ಅದಕ್ಕೂ ಜನ ಸಿಕ್ಕರು.
ಚುನಾವಣೆಗೆ ಎರಡು ತಿಂಗಳಿತ್ತು.
ಹಾಸನದಿಂದ ಬಿಳಿ ಕಾರಿನಲ್ಲಿ ಬಂದವರು ಚಪ್ಪಲಿ ಬಿಟ್ಟು,
ಕಲ್ಲಿಗೆ ಕೈಮುಗಿದು, ಕೆಳಗಿನ ಸಾಲಿಗೆ ಬೆರಳಿಟ್ಟರು.
‘ನೋಡಿ, ಗಡ್ಡ ಇದೆ.’

ಅಷ್ಟೇ ಮಾತು.

ಅದು ಗಡ್ಡವಲ್ಲ.
ಅಜ್ಜಿ ದಪ್ಪ ಕಂಬಳಿ ಬಡಿಯುತ್ತಿದ್ದ ಜಾಗ ಅದು.
ನಲವತ್ತು ವರ್ಷದ ಏಟಿಗೆ ಐವರ ಗಲ್ಲವೂ ಚಕ್ಕೆ ಎದ್ದಿತ್ತು.
ನನಗೆ ಗೊತ್ತಿತ್ತು.
ಜನರ ನಡುವೆ ನಿಂತಿದ್ದೆ, ಬಕೆಟ್ಟು ಕೈಯಲ್ಲಿತ್ತು,
ನಾಲಗೆ ಒಣಗಿತ್ತು.

ಮರುದಿನ ದಸ್ತಗೀರರ ಮಗ ಬಸ್ ಸ್ಟಾಪಿನಲ್ಲಿದ್ದ
ಪಂಕ್ಚರ್ ಅಂಗಡಿ ತೆಗೆಯಲಿಲ್ಲ.
ಶುಕ್ರವಾರ ಬರುತ್ತಿದ್ದ ಗಂಟು ಬರಲಿಲ್ಲ.
ತುರು ಯಾರದ್ದಾಗಿತ್ತು, ಅಜ್ಜಿ ಕೇಳಿದಳು,
ಅದನ್ನು ಯಾರೂ ಕೇಳಲಿಲ್ಲವಲ್ಲ.

ಶಾಂತಿಸಭೆಯ ಹಿಂದಿನ ರಾತ್ರಿ
ಇಸ್ತ್ರಿಪೆಟ್ಟಿಗೆಗೆ ಎರಡು ಸಲ ಇದ್ದಿಲು ತುಂಬಿದೆ.
ಮೂವತ್ತೊಂದು ಬಿಳಿ ಶರ್ಟು.
ಎಲ್ಲ ಸಂಘದ್ದೂ. ಕಾಲರು ಒಂದೇ ಥರ ಮಡಚುತ್ತದೆ,
ಬೆವರು ಮಾತ್ರ ಬಿಸಿಗೆ ಮತ್ತೆ ವಾಸನೆ ಬಿಡುತ್ತದೆ.

ಸಭೆಯಲ್ಲಿ ತಹಸೀಲ್ದಾರರು ಟೀ ಕುಡಿದರು.
ಕೇರಿಯ ಕಡೆಯಿಂದ ಏನಾದರೂ, ಅಂದರು, ಪದ್ಧತಿಯಂತೆ.
ಹಿಂದಿನ ಕುರ್ಚಿಯಿಂದ ಚಿಕ್ಕಲಿಂಗಯ್ಯ ಎದ್ದ:
‘ಜಗಳ ಬಿಡಿಸೋಕೆ ನಮಗೆ ಆ ಕಲ್ಲಿನ ಪರಿಚಯವಿಲ್ಲ ಸ್ವಾಮಿ.
ಈ ಹುಡುಗನ ಅಜ್ಜಿಯನ್ನ ಕೇಳಿ.’
ಎಲ್ಲರೂ ನಕ್ಕರು. ನಾನೂ ನಕ್ಕೆ,
ಆಮೇಲೆ ನಗು ಹಿಂತೆಗೆಯಲು ಆಗಲಿಲ್ಲ.

ಕಲ್ಲು ಈಗ ಜಾವಗಲ್ಲಿನ ಠಾಣೆಯ ಹಿಂದೆ,
ಜಪ್ತಿಯಾದ ಬೈಕುಗಳ ಸಾಲಿನಲ್ಲಿ ನಿಂತಿದೆ.
ವೀರನ ತಲೆಯ ಮೇಲೆ ಪೇದೆಯೊಬ್ಬ ಟವಲು ಒಣಗಹಾಕಿದ್ದ.

ಪಂಚಾಯಿತಿ ಕೋಡಿಯಲ್ಲಿ ಸಿಮೆಂಟು ಚಪ್ಪಡಿ ಹಾಕಿಸಿದೆ.
ಅಜ್ಜಿಗೆ ಅದು ಒಗ್ಗಲಿಲ್ಲ, ಬಟ್ಟೆ ಹರಿಯುತ್ತದೆ ಅಂತಾಳೆ.
ಮೊನ್ನೆ ಹೋದಾಗ ನೋಡಿದೆ:
ಚಪ್ಪಡಿ ಮಟ್ಟಸವಾಗಿದೆ,
ಅವಳು ಇನ್ನೂ ಆ ಹಳೆಯ ಓರೆಗೇ ಬಗ್ಗುತ್ತಾಳೆ,
ಕೈ ಗಾಳಿಯಲ್ಲಿ ಒಂದು ಗೇಣು ತಪ್ಪಿ ಬೀಳುತ್ತದೆ.