ಹಸನು

ರಾತ್ರಿ ಹತ್ತಕ್ಕೆ ಕಾರಟಗಿ ಬಿಟ್ಟೆವು.
ಮುಂದಿನ ಸೀಟಿನಲ್ಲಿ ಸಾಹುಕಾರ ವರಪ್ರಸಾದರು, ಹಿಂದೆ ನಾನು,
ನನ್ನ ತೊಡೆಯ ಮೇಲೆ ಕೂಸಿನ ಹಾಗೆ
ಐದು ಕಿಲೋ ಅಕ್ಕಿ.
ಹಸನು ಮಾಡದ್ದು, ಬೇಕಂತಲೇ.
"ಅವರ ಮಷೀನಿಗೆ ನಮ್ಮ ಕಸ ತೋರಿಸೋಣ ಯಮನೂರಾ,
ಅವರ ಅಕ್ಕಿ ಹಾಕಿ ತೋರಿಸಿದರೆ ಯಾರು ನಂಬ್ತಾರ?"

ಸಿಂಧನೂರು ದಾಟುವಾಗಲೇ ಅವರಿಗೆ ನಿದ್ದೆ.
ಶಕ್ತಿನಗರದ ಚಿಮಣಿಗಳ ಕೆಂಪು ದೀಪ
ಕೃಷ್ಣೆಯ ಸೇತುವೆ ಮುಗಿಯುವ ತನಕ
ಬೆನ್ನಿಗೇ ಇದ್ದವು.
ಆಮೇಲೆ ಬೋರ್ಡುಗಳ ಮೇಲೆ
ಅಕ್ಷರಗಳ ತಲೆಕಟ್ಟು ಬದಲಾಯಿತು, ಅಷ್ಟೇ.

ಹೈದರಾಬಾದಿನ ಆ ಹಾಲು
ನಮ್ಮಂಥ ಹತ್ತು ಮಿಲ್ಲು ನುಂಗಿ
ಇನ್ನೂ ಹಸಿದುಕೊಂಡಿತ್ತು.
ಧೂಳಿಲ್ಲ. ತೌಡಿನ ವಾಸನೆಯಿಲ್ಲ.
ಇಪ್ಪತ್ತೆರಡು ವರ್ಷ ಫಿಟ್ಟರಾದವನಿಗೆ
ಅಲ್ಲಿ ಉಸಿರಾಡುವುದು ಹೇಗೆಂದು
ಒಂದು ಗಳಿಗೆ ತಿಳಿಯಲಿಲ್ಲ.
ಬಾಗಿಲಲ್ಲೇ ಕೊರಳಿಗೊಂದು ಚೀಟಿ ಹಾಕಿದರು.
ಯಮನೂರಪ್ಪ ಎಂಬುದು ಅವರ ಕಂಪ್ಯೂಟರಿಗೆ ಉದ್ದವಾಗಿ
ಮಿಸ್ಟರ್ ಯಮ ಎಂದು ಅಚ್ಚಾಗಿತ್ತು.
ಸ್ಟಾಲು ಸ್ಟಾಲಿನಲ್ಲೂ ಹುಡುಗಿಯರು ನಕ್ಕು
"ವೆಲ್‌ಕಮ್ ಮಿಸ್ಟರ್ ಯಮ" ಎಂದು ಕಾಫಿ ಕೊಟ್ಟರು.
ಯಮನಿಗೆ ಇಷ್ಟು ಮರ್ಯಾದೆ
ನಮ್ಮೂರಲ್ಲಿ ಯಾರೂ ಮಾಡಿದ್ದಿಲ್ಲ.

ಹದಿನಾಲ್ಕನೇ ಸ್ಟಾಲು.
ಬಿಳಿ ಬೀರುವಿನಂಥದ್ದು, ಗಾಜಿನ ಹೊಟ್ಟೆ.
ಟೈ ಕಟ್ಟಿದ ಹುಡುಗ ಚೀಲ ಬಿಚ್ಚಿ ಸುರಿದ.
ಒಳಗೆ ನೂರು ಕಣ್ಣು, ನೂರು ಸಣ್ಣ ಬಾಯಿ,
ಬೀಳುವ ಕಾಳು ಬೀಳುತ್ತಿರುವಾಗಲೇ ನೋಡಿ
ಬೇಡವಾದದ್ದನ್ನು ಉಫ್ ಎಂದು ಊದಿ ಎಸೆಯುತ್ತವೆ.
ಟಿಕ್ ಟಿಕ್ ಟಿಕಟಿಕ,
ತಗಡಿನ ಮೇಲೆ ಜೋಳ ಚೆಲ್ಲಿದ ಹಾಗೆ.
ನಾನು ಎಣಿಸಿದೆ. ಹನ್ನೊಂದು ಸೆಕೆಂಡು.
ದ್ಯಾವಮ್ಮನಾಗಿದ್ದರೆ ಇಷ್ಟರಲ್ಲಿ
ಮೊರ ಪಕ್ಕಕ್ಕಿಟ್ಟು
ಎಲಿಗೆ ಸುಣ್ಣ ಸವರುತ್ತಿದ್ದಳು.

ಈ ಕಡೆ ಎಳೆಗೂಸಿನ ಹಲ್ಲಿನಂಥ ಅಕ್ಕಿ.
ಆ ಕಡೆ ಸಣ್ಣ ತಟ್ಟೆಯಲ್ಲಿ ಹೊರಹಾಕಿದ್ದು:
ಕರಿ ಕಾಳು, ಹಳದಿ ಕಾಳು, ಎರಡು ಭತ್ತ, ಒಂದು ಹರಳು,
ಮತ್ತೆ ಹಸಿರು ಗಾಜಿನ ಬಳೆಯ ಚೂರು,
ಉಗುರಿನ ಕಾಲು ಭಾಗದಷ್ಟು.
"ನೋಡಿ ಸಾರ್, ಫಾರಿನ್ ಮೆಟೀರಿಯಲ್" ಎಂದ ಹುಡುಗ.

ಫಾರಿನ್ನಾ?
ಚೀಲ ತುಂಬಿದವರು ಯಾರಂತ ಗೊತ್ತೇನು ನಿನಗೆ?
ನಮ್ಮೂರ ಸಂತೆಯಲ್ಲಿ ಡಜನ್ನಿಗೆ ಮೂವತ್ತು ರೂಪಾಯಿ,
ಇಪ್ಪತ್ತೈದಕ್ಕೆ ಕೇಳಿ, ಬೈಸಿಕೊಂಡು ತೊಟ್ಟದ್ದು...
ಬಾಯಿಗೆ ಬಂದದ್ದು ತೆಲುಗಾಗಲಿಲ್ಲ.
ಸಾಹುಕಾರ್ರು ಕರೆಂಟಿನ ಖರ್ಚು ಕೇಳುತ್ತಿದ್ದರು,
ಸರ್ವಿಸಿಗೆ ಯಾರು ಬರ್ತಾರೆಂದು, ಕಂತು ಎಷ್ಟೆಂದು.
ಕೈ ಕುಲುಕುವ ಹೊತ್ತಿಗೆ
ಚೂರು ನನ್ನ ಜೇಬಿನಲ್ಲಿತ್ತು.

ಮರುದಿನ ಮಿಲ್ಲಿನಲ್ಲಿ ಸುತ್ತ ಕೂತರು
ದ್ಯಾವಮ್ಮ, ಮಾಬುನ್ನಿ, ಸೋಮವ್ವ, ಸೋಮವ್ವನ ಸೊಸೆ.
"ಏನ್ ನೋಡಿದ್ಯೋ ಹೈದ್ರಾಬಾದ್ನಾಗ?"
ಚಾರ್‌ಮಿನಾರ್ ನೋಡಲಿಲ್ಲ.
"ಮತ್ತೇನ್ ನೋಡಿದಿ?"
ಅಕ್ಕಿ.
"ಅಕ್ಕಿ ನೋಡಾಕ ಅಷ್ಟ್ ದೂರ ಹೋಗ್ಬೇಕೇನಲೇ!"
ನಕ್ಕರು, ಸೋಮವ್ವನಿಗೆ ಕೆಮ್ಮು ಹತ್ತುವಷ್ಟು.

ಸ್ಟಾಲಿನಲ್ಲಿ ಪುಕ್ಕಟೆ ಕೊಟ್ಟ ಚೀಲ ಹಂಚಿದೆ,
ಮೇಲೆ ಆ ಮಷೀನಿನದೇ ಚಿತ್ರ.
ಮಾಬುನ್ನಿ ರೊಟ್ಟಿ ಗಂಟು ಅದರೊಳಗಿಟ್ಟು
ಗೂಟಕ್ಕೆ ಹಾಕಿ, ಚೊಲೋ ಐತಿ ಅಂದಳು.
ದ್ಯಾವಮ್ಮ ಮಾತ್ರ ಚಿತ್ರವನ್ನು
ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.
"ಏನ್ ಮಾಡ್ತೈತಿ ಇದು?"
ಹಸನ ಮಾಡ್ತೈತಿ.
"ಕೂಲಿ ಎಷ್ಟಂತ ಇದಕ್ಕ?"

ಎಲಿವೇಟರಿನ ಬೆಲ್ಟು ಸಡಿಲಾಗಿದೆ ಎಂದು ಎದ್ದೆ.
ಜೇಬಿಗೆ ಕೈ ಹಾಕಿದರೆ ಚುಚ್ಚಿತು.
ಮೊರಗಳು ಮೇಲೆದ್ದವು. ಮಣಿಕಟ್ಟುಗಳನ್ನು ನೋಡಿದೆ:
ಮೂವರದೂ ಹಸಿರೇ,
ದ್ಯಾವಮ್ಮನದು ಬರಿಗೈ.
ತೌಡು ಎದ್ದು ಬಿಸಿಲಕೋಲಿನಲ್ಲಿ ನಿಂತಿತು.
"ಏನ್ ಹುಡುಕ್ತಿಯೋ?" ಅಂದಳು ಸೊಸೆ.
ಪಾನಾ, ಅಂದೆ.
ಪಾನಾ ಎಡಗೈಯಲ್ಲೇ ಇತ್ತು.